ಹನ್ನೊಂದು ಹಲಗೆಯ ಎತ್ತರ

ಗೇಜಣ್ಣನ ಬಲಗಣ್ಣು ದಿನಕ್ಕೆ ಎರಡೇ ಗಂಟೆ ದುಡಿಯುತ್ತಿತ್ತು. ಬೆಳಗ್ಗೆ ಒಂಬತ್ತಕ್ಕೆ ಮಹಡಿಯ ಕೋಣೆಯ ಕಿಟಕಿಯಲ್ಲಿ ಬೆಳಕು ನೇರವಾದಾಗ ಅದು ಕೆಲಸಕ್ಕೆ ಕೂರುತ್ತಿತ್ತು; ಹನ್ನೊಂದಾಯಿತೆಂದರೆ ಒಂದು ಗೆರೆ ಎರಡಾಗಿ ಕಾಣತೊಡಗುತ್ತಿತ್ತು. ಗೆರೆ ಎರಡಾಗಿ ಕಂಡ ಮೇಲೂ ಬ್ಲೇಡು ಹಿಡಿದಿರುವವನನ್ನು ಕೆಲಸಗಾರನೆಂದು ಕರೆಯಬಾರದೆಂಬುದು ಅವನ ನಿಯಮ. ಆದ್ದರಿಂದ ಹನ್ನೊಂದು ಹೊಡೆಯುತ್ತಲೇ ಬ್ಲೇಡನ್ನು ಡಬ್ಬಿಗೆ ಹಾಕಿ, ಭೂತಗನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ, ಹಾಸಿಗೆಯ ಅಂಚಿನಲ್ಲಿ ಕುಳಿತು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನಿದ್ದೆ ಬಂದು ಅಲ್ಲ, ದಣಿದು. ಅರವತ್ತೆಂಟು ವರ್ಷದ ದಣಿವಿಗೆ ನಿದ್ದೆ ಸಾಲುವುದಿಲ್ಲ.

ವ್ಯಾಗನ್ ಕಾರ್ಖಾನೆಯಲ್ಲಿ ಅವನು ಮೂವತ್ತಾರು ವರ್ಷ ಅಳತೆ ಪರೀಕ್ಷಕನಾಗಿದ್ದ. ಬೇರೆಯವರು ಮಾಡಿದ ಕೆಲಸಕ್ಕೆ ಗೇಜು ಹಿಡಿದು, ಸರಿಯಿದ್ದರೆ ಹಳದಿ ಚುಕ್ಕೆ, ತಪ್ಪಿದ್ದರೆ ಕೆಂಪು ಚುಕ್ಕೆ ಇಡುವುದು ಅವನ ಉದ್ಯೋಗ. ಕೆಂಪು ಚುಕ್ಕೆ ಬಿದ್ದವರು ಸಿಟ್ಟಿನಲ್ಲಿ ಇಟ್ಟ ಹೆಸರು ಗೇಜು. ತಲೆ ನರೆತ ಮೇಲೆ ಅದಕ್ಕೊಂದು ‘ಅಣ್ಣ’ ಅಂಟಿಕೊಂಡಿತು. ಸ್ವಂತ ಅಕ್ಕನೂ ಈಗ ಅವನನ್ನು ಬೇರೆ ಹೆಸರಿನಿಂದ ಕೂಗುವುದಿಲ್ಲ.

ಮನೆ ಅಕ್ಕನದು, ಅಂದರೆ ಭಾವನದು. ಮಹಡಿಯ ಕೋಣೆ ಮಾತ್ರ ಗೇಜಣ್ಣನದು. ಅವನು ಮದುವೆಯಾಗಲಿಲ್ಲ. “ಅವನಿಗೆ ಹೆಣ್ಣು ಹುಡುಕೋದು ಸುಲಭ ಕಣ್ರೀ, ಅಳತೆಗೆ ಸರಿಹೋಗೋ ಹೆಣ್ಣು ಸಿಗೋದು ಕಷ್ಟ” ಎಂದು ಭಾವ ನಲವತ್ತು ವರ್ಷ ಒಂದೇ ನಗೆಮಾತನ್ನು ತೇಯ್ದಿದ್ದರು. ಭಾವನೂ ಅದೇ ಕಾರ್ಖಾನೆಯವರು, ಲೇತಿನ ಕೆಲಸ. ಮೂವತ್ತಾರು ವರ್ಷಗಳಲ್ಲಿ ಭಾವನ ಕೆಲಸದ ಮೇಲೆ ಗೇಜಣ್ಣ ಇಟ್ಟ ಕೆಂಪು ಚುಕ್ಕೆಗಳು ಎರಡು. ಆ ಎರಡೂ ಅಕ್ಕನಿಗೆ ದಿನಾಂಕಸಹಿತ ನೆನಪಿದ್ದವು, ಏಕೆಂದರೆ ಆ ಎರಡು ದಿನವೂ ಭಾವ ಊಟಕ್ಕೆ ಕೂತಿರಲಿಲ್ಲ.

ಇಬ್ಬರೂ ನಿವೃತ್ತರಾದ ಮೇಲೆ ಹಿಡಿದ ಹುಚ್ಚು ಪುಟ್ಟ ವ್ಯಾಗನ್‌ಗಳದು. ಎಂಬತ್ತರಲ್ಲಿ ಒಂದು ಪಾಲು: ನಿಜವಾದ ವ್ಯಾಗನ್ನಿನ ಎಂಬತ್ತು ಮಿಲಿಮೀಟರು ಇಲ್ಲಿ ಒಂದು ಮಿಲಿಮೀಟರು. ಅಂಗಡಿಯಲ್ಲಿ ಸಿಗುವ ತಯಾರು ಭಾಗಗಳನ್ನು ಜೋಡಿಸುವವರನ್ನು ಕಂಡರೆ ಇಬ್ಬರಿಗೂ ಅಸಡ್ಡೆ. ಇವರದು ಬರಿಯ ಹಾಳೆಯಿಂದ, ಬರಿಯ ಸರಳಿನಿಂದ ಶುರು. ಪೆಟ್ಟಿಗೆಯ ಭಾಗ ಗೇಜಣ್ಣನದು. ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ, ಹಲಗೆಗಳ ಸಂದುಗಳನ್ನು ಬ್ಲೇಡಿನ ಬೆನ್ನಿನಿಂದ ಗೀರಿ, ರಿವೆಟ್ಟುಗಳ ತಲೆಗಳನ್ನು ಹಿಂಬದಿಯಿಂದ ಮೊಂಡು ಸೂಜಿಯಲ್ಲಿ ಒಂದೊಂದಾಗಿ ಒತ್ತಿ ಉಬ್ಬಿಸಬೇಕು. ಒಂದು ಪಕ್ಕಕ್ಕೆ ನೂರ ಮೂವತ್ತಾರು ರಿವೆಟ್ಟು. ನೂರ ಮೂವತ್ತೈದನೆಯದು ಸಾಲು ತಪ್ಪಿದರೂ ಆ ಪಕ್ಕ ಕಸದ ಬುಟ್ಟಿಗೆ. ಚಕ್ರ, ಅಚ್ಚು, ಕೆಳಗಿನ ಚೌಕಟ್ಟು ಭಾವನದು. ನೆಲಮಹಡಿಯ ಹಿಂದಿನ ಕೋಣೆಯಲ್ಲಿದ್ದ ಪುಟ್ಟ ಲೇತಿನಲ್ಲಿ ಹಿತ್ತಾಳೆಯ ಸರಳಿನಿಂದ ಹನ್ನೆರಡೂವರೆ ಮಿಲಿಮೀಟರಿನ ಚಕ್ರಗಳನ್ನು ಅವರು ತಿರುವಿ ತೆಗೆಯುತ್ತಿದ್ದರು.

ಕಾರ್ಖಾನೆಯ ಹೊಸ ಮ್ಯಾನೇಜರ್ ಹೆಂಗಸು ಇವರನ್ನು ಕರೆಸಿದ್ದು ಎರಡೂವರೆ ವರ್ಷದ ಹಿಂದೆ. ಮರದ ಹಲಗೆಯ ಹಳೆಯ ಮುಚ್ಚಿದ ವ್ಯಾಗನ್ನುಗಳಲ್ಲಿ ಕೊನೆಯದೊಂದು ಕಾರ್ಖಾನೆಯ ಹಿಂಬದಿಯ ಹಳಿಯ ಮೇಲೆ ಉಳಿದಿತ್ತು. ವಾರದೊಳಗೆ ಅದನ್ನು ಕಡಿದು ಗುಜರಿಗೆ ಹಾಕುವವರಿದ್ದರು. ಅದರ ನಕ್ಷೆಗಳು ದಾಸ್ತಾನು ಕೋಣೆಯ ಚಾವಣಿ ಸೋರಿ ಮುದ್ದೆಯಾಗಿದ್ದವು. “ಈ ಕಾರ್ಖಾನೆ ಹುಟ್ಟಿದ್ದೇ ಆ ವ್ಯಾಗನ್ ಮಾಡೋದಕ್ಕೆ. ಅದರ ಒಂದು ಸಾಲು, ಹನ್ನೆರಡು, ಗಾಜಿನ ಪೆಟ್ಟಿಗೆಯಲ್ಲಿ ಮುಂದಿನ ಹಜಾರದಲ್ಲಿ ಇಡಬೇಕು. ನಿಮ್ಮಿಬ್ಬರನ್ನ ಬಿಟ್ಟರೆ ಯಾರೂ ಇಲ್ಲ” ಎಂದಿದ್ದಳು ಅವಳು. ಭಾವ ಅಲ್ಲೇ ಒಪ್ಪಿದರು. ಗೇಜಣ್ಣ ಮನೆಗೆ ಬಂದು ಲೆಕ್ಕ ಹಾಕಿ ಒಪ್ಪಿದ.

ಮರುದಿನವೇ ಹೋಗಿ ಅಳೆದರು. ಗೋಡೆಗೂ ವ್ಯಾಗನ್ನಿಗೂ ನಡುವೆ ಒಬ್ಬನೇ ನುಸುಳುವಷ್ಟು ಜಾಗ. ಫೋಟೋ ತೆಗೆದರೆ ಎಲ್ಲವೂ ಓರೆ. ಏಣಿ ಸಿಗಲಿಲ್ಲ, ಹಾಗಾಗಿ ಒಟ್ಟು ಎತ್ತರವನ್ನು ಒಂದೇ ಏಟಿಗೆ ಅಳೆಯುವಂತಿರಲಿಲ್ಲ. ಬಿಡಿಬಿಡಿಯಾಗಿ ಅಳೆದು ಕೂಡಬೇಕಿತ್ತು. ಕಾರ್ಖಾನೆಯವರು ಕೊಟ್ಟ ಟೇಪಿನ ತುದಿ ಮುರಿದಿತ್ತು. ಇಂಥ ಟೇಪಿಗೆ ಹಳಬರ ರೂಢಿಯೊಂದಿದೆ: ಸೊನ್ನೆಯ ಬದಲು ಹತ್ತರ ಗೆರೆಯಿಂದ ಹಿಡಿಯುವುದು, ಓದಿದ್ದರಲ್ಲಿ ಹತ್ತು ಸೆಂಟಿಮೀಟರು ಕಳೆಯುವುದು. ಗೇಜಣ್ಣ ಕೆಳಗೆ ಹತ್ತರ ಗೆರೆ ಹಿಡಿದ, ಭಾವ ಆ ತುದಿಯಲ್ಲಿ ಓದಿ ಕೂಗಿದರು. ಓದಿದ್ದನ್ನು ಮೊದಲ ಕಾಲಮ್ಮಿನಲ್ಲಿ, ಕಳೆದದ್ದನ್ನು ಎರಡನೆಯ ಕಾಲಮ್ಮಿನಲ್ಲಿ ಗೇಜಣ್ಣ ಪುಸ್ತಕಕ್ಕೆ ಬರೆದ. ಅರವತ್ತನಾಲ್ಕು ಅಳತೆ. ಶನಿವಾರ ವ್ಯಾಗನ್ ಕಡಿದರು.

ಆ ಪುಸ್ತಕದಿಂದ ಹನ್ನೊಂದು ವ್ಯಾಗನ್ ಹುಟ್ಟಿ, ಗೇಜಣ್ಣನ ಕೋಣೆಯ ಗೋಡೆಗೆ ಹೊಡೆದ ಹಲಗೆಯ ಮೇಲೆ ಸಾಲಾಗಿ ನಿಂತಿದ್ದವು. ಹನ್ನೆರಡನೆಯದರ ಚಕ್ರ, ಚೌಕಟ್ಟು ಎಲ್ಲ ಸಿದ್ಧ; ಪೆಟ್ಟಿಗೆ ಮಾತ್ರ ಬಾಕಿ. ಕೊನೆಯ ಅಚ್ಚನ್ನು ಮುಗಿಸಿದ ದಿನ ಭಾವ ಲೇತಿಗೆ ಎಣ್ಣೆ ಹಚ್ಚಿ ಬಟ್ಟೆ ಹೊದಿಸಿ, “ಸಾಕಪ್ಪಾ. ಕೈ ಮಾತು ಕೇಳ್ತಿಲ್ಲ” ಎಂದಿದ್ದರು. ಅವರಿಗೆ ಎಪ್ಪತ್ತನಾಲ್ಕು. ಅಲ್ಲಿಂದೀಚೆಗೆ ಅವರು ಜಗುಲಿಯಲ್ಲಿ ಕೂತು, ಹೋಗಿಬರುವವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: “ನಕ್ಷೆ ಸತ್ತುಹೋಯ್ತು, ವ್ಯಾಗನ್ ಸತ್ತುಹೋಯ್ತು. ಇನ್ನು ಮೇಲೆ ಅಳತೆ ಬೇಕು ಅಂದ್ರೆ ನಮ್ಮ ಹನ್ನೆರಡನ್ನೇ ನೋಡಬೇಕು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.” ಗಾಜಿನ ಪೆಟ್ಟಿಗೆ ತೆರೆಯಲು ಹದಿನೆಂಟು ದಿನ ಉಳಿದಿತ್ತು. ಒಂದು ಪೆಟ್ಟಿಗೆಗೆ ಮೂವತ್ತು ಗಂಟೆ, ದಿನಕ್ಕೆರಡರಂತೆ ಹದಿನೈದು ದಿನ, ಬಣ್ಣಕ್ಕೆ ಮೂರು. ಲೆಕ್ಕ ಸರಿಯಾಗಿ ಕೂತಿತ್ತು. ಅದು ಮುಗಿದರೆ ತಾನೂ ಮುಗಿದೆ ಎಂದು ಗೇಜಣ್ಣ ಎಣಿಸಿದ್ದ. ಆ ಎಣಿಕೆಯಲ್ಲಿ ದುಃಖವಿರಲಿಲ್ಲ. ಹೊರೆ ಇಳಿಸುವ ಕಟ್ಟೆ ಕಣ್ಣಿಗೆ ಬಿದ್ದವನ ಸಮಾಧಾನವಿತ್ತು.

ಆ ದಿನ ಹನ್ನೊಂದರ ಮೇಲೆ ಅವನು ಸೈಕಲ್ ರಿಪೇರಿಯವನ ಅಂಗಡಿಗೆ ಹೋದ. ತುಂಡಾದ ಬ್ರೇಕ್ ವೈರನ್ನು ಬಿಡಿಸಿದರೆ ಒಳಗಿನ ಒಂದೊಂದು ಎಳೆಯೂ ಎಂಬತ್ತರಲ್ಲೊಂದು ಪಾಲಿನ ಹಿಡಿಕಂಬಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

“ಬನ್ನಿ ಗೇಜಣ್ಣ! ಎಲ್ರೂ ಹೊಸ ವೈರ್ ಕೇಳ್ತಾರೆ. ತುಂಡಾದ ವೈರ್ ಕೇಳ್ಕೊಂಡು ಬರೋ ಗಿರಾಕಿ ನೀವೊಬ್ರೇ.”

“ಇದೆಯೋ ಇಲ್ವೋ?”

“ಇದೆ ಇದೆ. ನಿಮಗೋಸ್ಕರ ಓಡೋ ಸೈಕಲ್ಲಿಂದ ಕಿತ್ತಿಟ್ಟಿದೀನಿ. ಯಾರಾದ್ರೂ ಬಿದ್ರೆ ಪಾಪ ನಿಮ್ಮದು” ಎಂದು ಅವನು ಡಬ್ಬ ತಡಕಾಡತೊಡಗಿದ.

ಅಂಗಡಿಯ ಪಕ್ಕದ ತಗಡು ಹೋಗಿ ಮರದ ಗೋಡೆ ಬಂದಿತ್ತು. ಅಡ್ಡ ಹಲಗೆಗಳು, ಮೇಲೆ ಕೆಳಗೆ ಕಬ್ಬಿಣದ ಪಟ್ಟಿ, ಹೊಸದಾಗಿ ಹೊಡೆದ ನೀಲಿ ಬಣ್ಣ. ಬಣ್ಣದ ಅಡಿಯಲ್ಲಿ ಹಳೆಯ ಅಂಕಿಗಳ ಉಬ್ಬು ಕಾಣುತ್ತಿತ್ತು. ಕೊನೆಯ ಮೂರು ಅಂಕಿಗಳನ್ನು ಗೇಜಣ್ಣ ಹನ್ನೊಂದು ಸಲ ತನ್ನ ಕೈಯಾರೆ ಒಂದೇ ಕೂದಲಿನ ಕುಂಚದಲ್ಲಿ ಬರೆದಿದ್ದ.

“ಈ ಗೋಡೆ ಎಲ್ಲಿಂದ ಬಂತು?”

“ಗುಜರಿಯವನ ಹಿತ್ತಿಲಲ್ಲಿ ಬಿದ್ದಿತ್ತು, ಪಟ್ಟಿ ಸಮೇತ. ಹಾಗೇ ತಂದು ನಿಲ್ಲಿಸಿದೆ. ಆನೆ ಒದ್ರೂ ಅಲ್ಲಾಡಲ್ಲ.”

ಗೇಜಣ್ಣ ಹಲಗೆಗಳನ್ನು ಎಣಿಸಿದ. ಹನ್ನೊಂದು. ಸರಿಯಾಗಿಯೇ ಇತ್ತು. ಕಿಸೆಯ ಟೇಪು ತೆಗೆದು ಒಂದು ಹಲಗೆ ಅಳೆದ. ಹಳೆಯ ಗೆಳೆಯನ ಕೈ ಕುಲುಕಿದಷ್ಟೇ ಸಹಜವಾಗಿ, ಯಾವ ಅನುಮಾನವೂ ಇಲ್ಲದೆ. ಹದಿನೆಂಟು ಸೆಂಟಿಮೀಟರು. ಇನ್ನೊಂದು ಹಲಗೆ. ಹದಿನೆಂಟು. ಹನ್ನೊಂದು ಹದಿನೆಂಟಲ ನೂರ ತೊಂಬತ್ತೆಂಟು ಎಂದು ತಲೆ ತಾನಾಗಿ ಗುಣಿಸಿತು. ಪುಸ್ತಕದಲ್ಲಿದ್ದದ್ದು ಅದಲ್ಲ. ಕೆಳಪಟ್ಟಿಯಿಂದ ಮೇಲುಪಟ್ಟಿಯವರೆಗೆ ಟೇಪು ಎಳೆದು ನೋಡಿದ. ನೂರ ತೊಂಬತ್ತೆಂಟು. ಇನ್ನೆರಡು ಕಡೆ ನೋಡಿದ.

“ಏನು ಗೇಜಣ್ಣ, ಗೋಡೆಗೆ ಜ್ವರಾನಾ? ಗಳಿಗೆಗೊಂದು ಸಲ ನೋಡ್ತಿದೀರಿ?”

ಗೇಜಣ್ಣ ಟೇಪು ಸುತ್ತಿಕೊಂಡು ಹೊರಟ. ಬ್ರೇಕ್ ವೈರು ಅಲ್ಲೇ ಉಳಿಯಿತು.

ಪುಸ್ತಕದಲ್ಲಿ, ನಲವತ್ತೊಂದನೆಯ ಸಾಲಿನಲ್ಲಿ, ನೆಲದ ಅಂಚಿನಿಂದ ಚಾವಣಿಯ ಅಂಚಿನವರೆಗಿನ ಎತ್ತರ ಹೀಗಿತ್ತು: ಓದಿದ್ದು ನೂರ ತೊಂಬತ್ತೆಂಟು, ಕಳೆದದ್ದು ನೂರ ಎಂಬತ್ತೆಂಟು. ಎಂಬತ್ತರಲ್ಲಿ ಒಂದು ಪಾಲಿಗೆ ಇಪ್ಪತ್ತಮೂರೂವರೆ ಮಿಲಿಮೀಟರು. ಇರಬೇಕಾದದ್ದು ಇಪ್ಪತ್ತನಾಲ್ಕೂಮುಕ್ಕಾಲು. ಒಂದೂಕಾಲು ಮಿಲಿಮೀಟರು ಕುಳ್ಳ, ಹನ್ನೊಂದೂ.

ಅವನಿಗೆ ತನ್ನ ಮೇಲೆಯೇ ರೋಸಿಹೋಯಿತು. ಮೊದಲ ಪೆಟ್ಟಿಗೆಗೆ ಹಲಗೆಯ ಅಗಲ ಕಂಡುಹಿಡಿಯಲು ನೂರ ಎಂಬತ್ತೆಂಟನ್ನು ಹನ್ನೊಂದರಿಂದ ಭಾಗಿಸಿದ್ದ. ಹದಿನೇಳು ಬಂತು, ಶೇಷ ಒಂದು. ಯಾವ ಬಡಗಿಯೂ ಶೇಷ ಬರುವಂತೆ ಹಲಗೆ ಕೊಯ್ಯುವುದಿಲ್ಲ. ಆದರೂ ಅವನು ಮರ ಕುಗ್ಗಿರಬೇಕೆಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡು ಮುಂದೆ ಹೋಗಿದ್ದ. ಆಮೇಲೆಯೂ ಎಷ್ಟೋ ಬೆಳಗು ಸಾಲಿನತ್ತ ನೋಡಿ, ಏಕೋ ಇವು ತಲೆ ತಗ್ಗಿಸಿ ನಿಂತಂತಿವೆಯಲ್ಲ ಎನ್ನಿಸಿದ್ದುಂಟು. ತಪ್ಪನ್ನು ಕಣ್ಣಿನ ಮೇಲೆ ಹಾಕಿ ಸುಮ್ಮನಾಗಿದ್ದ.

ಆದರೆ ತಪ್ಪು ಆದದ್ದು ಹೇಗೆ? ಕಳೆಯುವುದರಲ್ಲಿ ಅವನು ಎಡವಿರಲಿಲ್ಲ. ಎರಡು ಕಾಲಮ್ಮುಗಳೇ ಸಾಕ್ಷಿ. ಟೇಪಿನಲ್ಲಿ ಆವತ್ತು ಇನ್ನೂರ ಎಂಟು ಇದ್ದಿರಬೇಕು. ಭಾವ ಕೂಗಿದ್ದು ನೂರ ತೊಂಬತ್ತೆಂಟು. ಅಂದರೆ ಹತ್ತನ್ನು ಮೇಲೆ ಒಬ್ಬರು ಕಳೆದು ಕೂಗಿದ್ದರು, ಕೆಳಗೆ ಇನ್ನೊಬ್ಬ ಮತ್ತೆ ಕಳೆದು ಬರೆದಿದ್ದ. ಪುಸ್ತಕದ ಪ್ರಕಾರ ಕೆಂಪು ಚುಕ್ಕೆ ಬೀಳಬೇಕಾದದ್ದು ಭಾವನಿಗೆ. ಮೂರನೆಯದು.

ಗೇಜಣ್ಣ ಪುಸ್ತಕ ಮುಚ್ಚಿದ. ಹನ್ನೊಂದು ಪೆಟ್ಟಿಗೆ ಹೊಸದಾಗಿ ಮಾಡಲು, ಹದಿನೈದು ದಿನಕ್ಕೊಂದರಂತೆ, ನೂರ ಅರವತ್ತೈದು ದಿನ. ಕಣ್ಣು ಅಷ್ಟು ದಿನ ಬಾಳುವ ಭರವಸೆಯನ್ನು ಕಣ್ಣಿನ ವೈದ್ಯನೂ ಕೊಟ್ಟಿರಲಿಲ್ಲ. ದಾರಿ ಎರಡೇ ಉಳಿದಿತ್ತು. ಹನ್ನೆರಡನೆಯದನ್ನೂ ಇಪ್ಪತ್ತಮೂರೂವರೆಗೇ ಕೊಯ್ದರೆ ಸಾಲು ಒಂದೇ ಸಮನಾಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ, ಜಗುಲಿಯ ಮಾತು ಜಗುಲಿಯಲ್ಲಿ ನಡೆಯುತ್ತದೆ. ಆದರೆ ಆ ವ್ಯಾಗನ್ ಇನ್ನು ಮುಂದೆ ಎಂದೆಂದಿಗೂ ಕುಳ್ಳನಾಗಿಯೇ ಉಳಿಯುತ್ತದೆ, ಏಕೆಂದರೆ ಅದನ್ನು ನೋಡಲು ಬೇರೆ ನಕ್ಷೆಯಿಲ್ಲ. ಇಪ್ಪತ್ತನಾಲ್ಕೂಮುಕ್ಕಾಲಿಗೆ ಕೊಯ್ದರೆ ಭಾವನಿಗೆ ಹೇಳಲೇಬೇಕು.

ಮೂರು ಬೆಳಗು ಅವನು ಹಾಳೆಯ ಮುಂದೆ ಬ್ಲೇಡು ಹಿಡಿದು ಕೂತ. ಮೂರು ಬೆಳಗೂ ಗೀರೊಂದೂ ಬೀಳದೆ ಹನ್ನೊಂದು ಹೊಡೆಯಿತು.

“ಯಾಕೋ ಗೇಜು, ತಟ್ಟೆ ಮುಂದೆ ತಪಸ್ಸಿಗೆ ಕೂತಿದೀಯ?” ಎಂದಳು ಅಕ್ಕ ಊಟಕ್ಕೆ ಬಡಿಸುತ್ತ. “ಕಣ್ಣು ಮತ್ತೆ ಕೈ ಕೊಡ್ತಾ?”

“ಇಲ್ಲ ಅಕ್ಕ.”

“ಇಲ್ಲ ಅಕ್ಕ ಅಂದ್ರೆ ಹೌದು ಅಕ್ಕ ಅಂತ. ನಿನ್ನ ಅರವತ್ತೆಂಟು ವರ್ಷದಿಂದ ನೋಡ್ತಿದೀನಿ.”

“ಮೊಟ್ಟೆ ಮೇಲೆ ಕೂತ ಕೋಳಿ ಕಣೇ ಅದು” ಎಂದರು ಭಾವ. “ಹನ್ನೆರಡನೇ ಮೊಟ್ಟೆ. ಒಡೀಬಾರದು, ಏಳಬಾರದು. ಸುಮ್ಮನಿರು, ಮರಿ ಆಚೆ ಬರುತ್ತೆ.”

ಗೇಜಣ್ಣ ತಟ್ಟೆ ಖಾಲಿ ಮಾಡಿ ಎದ್ದ. ಮಧ್ಯಾಹ್ನ ಭಾವ ಹಿಂದಿನ ಕೋಣೆಗೆ ಹೋಗಿ, ಕೆಲಸವಿಲ್ಲದ ಲೇತಿನ ಬಟ್ಟೆ ತೆಗೆದು ಸುಮ್ಮನೆ ಒರೆಸುತ್ತಿದ್ದಾಗ, ಅವನು ಬಾಗಿಲಲ್ಲಿ ನಿಂತು ಕೇಳಿದ.

“ಭಾವ, ಆವತ್ತು ವ್ಯಾಗನ್ ಅಳೆದಾಗ, ಪಕ್ಕದ ಎತ್ತರ ಕೂಗಿದ್ರಲ್ಲ, ಅದನ್ನ ನೀವೇ ಹತ್ತು ಕಳೆದು ಕೂಗಿದ್ರಾ?”

ಭಾವ ತಲೆಯೆತ್ತದೆ ನಕ್ಕರು. “ಅಬ್ಬ, ಅದು ಈಗ ನೆನಪಾಯ್ತಾ ನಿನಗೆ? ನೀನು ಜ್ವರ ಬಿಟ್ಟು ಮೂರು ದಿನಕ್ಕೇ ಎದ್ದು ಬಂದಿದ್ದೆ. ನಲವತ್ತು ಅಳತೆ ಬರೆಯೋಷ್ಟರಲ್ಲಿ ನಿನ್ನ ಮುಖ ಸುಣ್ಣದ ಥರ ಆಗಿತ್ತು. ಬಗ್ಗಿದೋನು ಏಳ್ತಾನೋ ಇಲ್ವೋ ಅನ್ನಿಸ್ತು ನನಗೆ. ಅಯ್ಯೋ ಪಾಪ, ಇದೊಂದನ್ನ ಆದ್ರೂ ನಾನೇ ಕಳೆದು ಹೇಳೋಣ, ಅವನ ತಲೆಗೆ ಒಂದು ಲೆಕ್ಕ ಕಮ್ಮಿ ಆಗ್ಲಿ ಅಂತ...”

ಒರೆಸುವ ಕೈ ನಿಂತಿತು. ಭಾವ ತಿರುಗಿ ಮೈದುನನ ಮುಖ ನೋಡಿದರು. ಮೂವತ್ತಾರು ವರ್ಷ ಆ ಮುಖದಲ್ಲಿ ಹಳದಿ ಯಾವುದು, ಕೆಂಪು ಯಾವುದು ಎಂದು ಮೊದಲೇ ಓದಿ ಅಭ್ಯಾಸವಿದ್ದವರು ಅವರು.

“ನಿನಗೆ ಹೇಳ್ಲಿಲ್ವಾ ನಾನು? ಕಳೆದಿದೀನಿ ಅಂತ?”

“ಇಲ್ಲ ಭಾವ.”

“ನೀನೂ ಕಳೆದ್ಯಾ?”

“ಕಳೆದೆ.”

ಲೇತಿನ ಮೇಲೆ ಬಿದ್ದ ಬಟ್ಟೆಯನ್ನು ಭಾವ ಎತ್ತಿಕೊಳ್ಳಲಿಲ್ಲ. “ಎಷ್ಟು?” ಎಂದರು.

“ಒಂದೂಕಾಲು ಮಿಲಿಮೀಟರ್.”

“ಹನ್ನೊಂದೂನಾ?”

“ಹನ್ನೊಂದೂ.”

ಗೇಜಣ್ಣ ಹೇಳಬೇಕೆಂದುಕೊಂಡಿದ್ದ ಮಾತುಗಳು ಬೇರೆಯೇ ಇದ್ದವು. ಶೇಷ ಒಂದು ಬಂದಾಗಲೇ ನನಗೆ ತಿಳಿಯಬೇಕಿತ್ತು, ಕಣ್ಣೆದುರೇ ಇದ್ದ ತಪ್ಪನ್ನು ಪರೀಕ್ಷಕನಾದ ನಾನೇ ಬಿಟ್ಟೆ, ಎಂದೆಲ್ಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ. ಭಾವ ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಗೋಡೆ ಹಿಡಿದುಕೊಂಡು ಜಗುಲಿಗೆ ಹೋದರು. ಜಗುಲಿಯಲ್ಲಿ ಕೂರದೆ ಒಳಗೆ ಬಂದು ಮಲಗಿದರು. ಸಂಜೆ ಪಕ್ಕದ ಮನೆಯವರು ಮಾತಿಗೆ ಬಂದರೆ ತಲೆನೋವೆಂದು ಹೇಳಿಸಿದರು.

ವಿಷಯ ಅಕ್ಕನ ಕಿವಿಗೆ ಹೇಗೋ ಮುಟ್ಟಿತು. “ಇಬ್ರೂ ಅಳತೆಯಲ್ಲಿ ಹುಲಿಗಳು ಅಂತ ಊರೆಲ್ಲ ಹೇಳ್ತಿದ್ರು. ಎರಡು ಹುಲಿ ಸೇರಿ ಒಂದು ಹತ್ತನ್ನ ಎರಡು ಸಲ ತಿಂದವಾ?” ಎಂದಳು. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ. ಆವತ್ತು ಮಾಡಿದ ಅಡುಗೆ ಹಾಗೆಯೇ ಉಳಿಯಿತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಮೆಟ್ಟಿಲಿನ ಮೇಲೆ ಹೆಜ್ಜೆಯ ಸದ್ದಾಯಿತು. ಭಾವ ಮಹಡಿ ಹತ್ತಿ ವರ್ಷ ಕಳೆದಿತ್ತು, ಮೊಣಕಾಲು ಬಿಡುತ್ತಿರಲಿಲ್ಲ. ಹದಿನಾರು ಮೆಟ್ಟಿಲಿಗೆ ಅವರು ಮೂರು ಕಡೆ ನಿಂತರು. ಗೇಜಣ್ಣ ಎದ್ದು ಹೋಗಿ ಕೈ ಕೊಡಬಹುದಿತ್ತು. ಕೊಟ್ಟರೆ ಅವರು ಕೆಳಗಿಳಿದುಬಿಡುತ್ತಾರೆಂದು ಬಲ್ಲವನಾದ್ದರಿಂದ ಕೂತೇ ಇದ್ದ. ಭಾವ ಒಳಗೆ ಬಂದು, ಹಾಸಿಗೆಯ ಮೇಲೆ ಕೂತು, ಉಸಿರು ಹಿಡಿತಕ್ಕೆ ಬರುವವರೆಗೆ ಗೋಡೆಯ ಮೇಲಿನ ಹನ್ನೊಂದನ್ನು ನೋಡಿದರು.

“ಕುಳ್ಳ ಕಾಣ್ತವೆ” ಎಂದರು. “ಈಗ ಕಾಣ್ತವೆ. ಮೊದಲು ಕಾಣ್ಲಿಲ್ಲ. ಯಾಕೆ ಹೇಳು?”

“ನಾವು ಮಾಡಿದ್ದಲ್ವಾ ಭಾವ.”

“ಹೂಂ. ಹನ್ನೆರಡನೇದನ್ನ ಸರಿಯಾದ ಎತ್ತರಕ್ಕೆ ಕೊಯ್ಯಿ.”

“ಸಾಲಲ್ಲಿ ಎದ್ದು ಕಾಣುತ್ತೆ.”

“ಕಾಣ್ಲಿ.”

“ಉಳಿದ ಹನ್ನೊಂದನ್ನ ಬಿಚ್ಚಿ ಮಾಡೋಕೆ ನನ್ನ ಕೈಲಿ ಆಗಲ್ಲ ಭಾವ. ನಿಜ ಹೇಳ್ತೀನಿ. ಆಗಲ್ಲ.”

“ನಿನಗೆ ಬಿಚ್ಚು ಅಂದ್ನಾ ನಾನು?” ಎಂದು ಭಾವ ರೇಗಿದರು. “ಕೊಯ್ಯಿ ಅಂದೆ. ಒಂಬತ್ತೂಕಾಲಾಯ್ತು. ನಿನ್ನ ಕಣ್ಣಿಗೆ ಒಂದೂಮುಕ್ಕಾಲು ಗಂಟೆ ಉಳಿದಿದೆ. ಮಾತಾಡ್ತಾ ಕೂತ್ರೆ ಅದೂ ಹೋಗುತ್ತೆ.”

ಮೂರು ಬೆಳಗು ವ್ಯರ್ಥವಾಗಿತ್ತು, ನಾಲ್ಕನೆಯದರಲ್ಲೂ ಕಾಲು ಗಂಟೆ ಹೋಗಿತ್ತು. ದಿನಕ್ಕೆ ಎರಡು ಗಂಟೆಯ ಲೆಕ್ಕ ಇನ್ನು ಕೂರುತ್ತಿರಲಿಲ್ಲ. ಗೇಜಣ್ಣ ದಿನಕ್ಕೆ ಎರಡೂವರೆ ಗಂಟೆ ಕೂತ. ಕಡೆಕಡೆಗೆ ಎಡಗಣ್ಣು ಮುಚ್ಚಿ, ಎರಡಾಗಿ ಕಂಡ ಗೆರೆಗಳಲ್ಲಿ ಯಾವುದು ನಿಜವೆಂದು ಉಗುರಿನಿಂದ ಸವರಿ ನೋಡಿ, ಕೊಯ್ದ. ತನ್ನ ನಿಯಮವನ್ನು ತಾನೇ ಮುರಿದದ್ದಕ್ಕೆ ನಾಚಿಕೆಯಾಗುವಷ್ಟೂ ಶಕ್ತಿ ಉಳಿದಿರಲಿಲ್ಲ. ಎರಡು ಪಕ್ಕಗಳು ಕಸದ ಬುಟ್ಟಿಗೆ ಹೋದವು. ಮೂರನೆಯದು, ನಾಲ್ಕನೆಯದು ನಿಂತವು. ಹಲಗೆ ಒಂದೊಂದೂ ಎರಡೂಕಾಲು ಮಿಲಿಮೀಟರು, ಹನ್ನೊಂದು ಸೇರಿ ಇಪ್ಪತ್ತನಾಲ್ಕೂಮುಕ್ಕಾಲು, ಶೇಷವಿಲ್ಲ. ಅಕ್ಕ ಸೈಕಲ್ ಅಂಗಡಿಗೆ ಹೋಗಿ ಬ್ರೇಕ್ ವೈರು ತಂದುಕೊಟ್ಟಳು. ಬಣ್ಣ ಒಣಗಿದ್ದು ಹದಿನೆಂಟನೆಯ ದಿನದ ಬೆಳಗ್ಗೆ.

ಹತ್ತಿ ತುಂಬಿದ ಪೆಟ್ಟಿಗೆಯಲ್ಲಿ ಹನ್ನೆರಡನ್ನೂ ಇಟ್ಟುಕೊಂಡು ಇಬ್ಬರೂ ಬಸ್ಸಿನಲ್ಲಿ ಕಾರ್ಖಾನೆಗೆ ಹೋದರು. ಮುಂದಿನ ಹಜಾರದಲ್ಲಿ ಒಂದೂವರೆ ಮೀಟರು ಉದ್ದದ ಗಾಜಿನ ಪೆಟ್ಟಿಗೆ ನಿಂತಿತ್ತು. ಒಳಗೆ ಪುಟ್ಟ ಹಳಿ, ಕೆಳಗೆ ಹಿತ್ತಾಳೆಯ ಫಲಕ: ‘ನಿಖರ ಅಳತೆಯ ಪ್ರತಿಕೃತಿ’. ಗೇಜಣ್ಣ ಒಂದೊಂದಾಗಿ ಹಳಿಯ ಮೇಲಿಟ್ಟ. ಭಾವನ ಚಕ್ರಗಳು ಬೆರಳು ತಾಗಿದರೆ ಸಾಕು, ಸದ್ದಿಲ್ಲದೆ ಉರುಳಿ ಹೋಗಿ ಒಂದರ ಹಿಂದೊಂದು ನಿಂತವು. ಕೊನೆಗೆ ಹನ್ನೆರಡನೆಯದು.

ಮ್ಯಾನೇಜರ್ ಹೆಂಗಸು ಸಭೆಯೊಂದರ ನಡುವೆ ಎದ್ದು ಬಂದಿದ್ದಳು. ಅವಳ ಜೊತೆ ಈಗಿನ ಫೋರ್‌ಮನ್ ಇದ್ದ. ಸಾಲನ್ನು ನೋಡಿ ಅವಳ ಮುಖ ಅರಳಿತು. “ಅದ್ಭುತ” ಎಂದಳು. ಫೋರ್‌ಮನ್ ಬಗ್ಗಿ, ಒಂದು ಕಣ್ಣು ಮುಚ್ಚಿ, ಚಾವಣಿಗಳ ಉದ್ದಕ್ಕೂ ದೃಷ್ಟಿ ಹಾಯಿಸಿದ.

“ಯಜಮಾನ್ರೇ, ಈ ಕೊನೇದು ಸ್ವಲ್ಪ ಎತ್ತರ ಆಗಿದೆಯಲ್ಲ?”

“ಹೌದಾ?” ಎಂದು ಮ್ಯಾನೇಜರೂ ಬಗ್ಗಿದಳು. “ಹೌದಲ್ಲ! ಪರವಾಗಿಲ್ಲ ಬಿಡಿ, ಕೈಕೆಲಸ ಅಂದ್ಮೇಲೆ ಒಂದರಲ್ಲಿ ಹೆಚ್ಚುಕಮ್ಮಿ ಆಗೋದೇ. ಅದೊಂದನ್ನ ತೆಗೆದುಬಿಡೋಣ. ಹನ್ನೊಂದಿದ್ರೂ ಚೆನ್ನಾಗೇ ಕಾಣುತ್ತೆ.”

ಗೇಜಣ್ಣ ಬಾಯಿ ತೆರೆದ. ಅಳತೆ ತಪ್ಪಿದ್ದು ನನ್ನ ಪುಸ್ತಕದಲ್ಲಿ ಎಂದು ಹೇಳಲು ಅವನು ಸಿದ್ಧನಾಗಿಯೇ ಬಂದಿದ್ದ. ಆದರೆ ಮೊದಲು ಕೇಳಿದ್ದು ಭಾವನ ದನಿ.

“ಅದನ್ನ ಮುಟ್ಬೇಡಿ. ಅದೊಂದೇ ಸರಿ. ಹನ್ನೊಂದನ್ನ ತೆಗೀತೀವಿ.”

“ಅಂದ್ರೆ?”

“ತಪ್ಪು ನಂದು ಮೇಡಂ. ಟೇಪ್ ಓದಿದೋನು ನಾನು. ಕಳೆಯೋ ಕೆಲಸ ಇವನದ್ದು. ಇವನಿಗೆ ಹೇಳದೆ ಒಂದು ಕಡೆ ನಾನೇ ಕಳೆದುಬಿಟ್ಟೆ. ಇವನೂ ಕಳೆದ. ಅದಕ್ಕೆ ಹನ್ನೊಂದೂ ಕುಳ್ಳ ಆಗಿವೆ.”

“ಬರೆದುಕೊಂಡೋನು ನಾನು” ಎಂದ ಗೇಜಣ್ಣ. “ಭಾಗಿಸಿದಾಗ ಶೇಷ ಬಂತು. ಬಂದಾಗಲೇ ನಿಲ್ಲಿಸಬೇಕಾಗಿತ್ತು. ನಿಲ್ಲಿಸಲಿಲ್ಲ.”

“ನೀನು ಸುಮ್ಮನಿರೋ. ತಪ್ಪು ಹುಟ್ಟಿದ್ದು ಮೇಲೆ, ನನ್ನ ಬಾಯಲ್ಲಿ.”

“ಬೆಳೆದದ್ದು ನನ್ನ ಕೈಯಲ್ಲಿ ಭಾವ. ಎರಡೂವರೆ ವರ್ಷ.”

ಮ್ಯಾನೇಜರ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. “ನೋಡಿ, ನೀವಿಬ್ರೂ ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ. ಇಷ್ಟು ಉದ್ದದ ಪೆಟ್ಟಿಗೆ ಮಾಡಿಸಿದೀವಿ. ಒಂದೇ ಒಂದು ಇಟ್ರೆ ಭಣಭಣ ಅನ್ನುತ್ತೆ.”

“ಅನ್ನಲಿ ಮೇಡಂ” ಎಂದರು ಭಾವ. “ನಾಳೆ ಯಾರಾದ್ರೂ ಸ್ಕೇಲ್ ಹಿಡ್ಕೊಂಡು ಬಂದ್ರೆ ಅವರಿಗೆ ಸಿಗೋದು ಇದೊಂದೇ. ಹನ್ನೊಂದು ಸುಳ್ಳಿನ ಪಕ್ಕ ನಿಂತ್ರೆ ಇದನ್ನ ಯಾರು ನಂಬ್ತಾರೆ? ಈಗ ನೀವೇ ನಂಬ್ಲಿಲ್ಲ.”

ಫೋರ್‌ಮನ್ ತಲೆ ಕೆರೆದುಕೊಂಡ. ಮ್ಯಾನೇಜರಿಗೆ ಸಭೆಯಿಂದ ಕರೆ ಬಂತು. “ಏನಾದ್ರೂ ಮಾಡ್ಕೊಳ್ಳಿ” ಎಂದು ಬೇಸರದಿಂದ ಹೇಳಿ ಅವಳು ಹೊರಟುಹೋದಳು.

ಹನ್ನೊಂದನ್ನು ಗೇಜಣ್ಣ ತೆಗೆಯಹೋದ. ಭಾವ ಅವನ ಕೈ ಸರಿಸಿ ತಾವೇ ತೆಗೆದರು. ಮಾತು ಕೇಳದ ಬೆರಳಿಗೆ ಒಂದೊಂದಕ್ಕೂ ಬಹಳ ಹೊತ್ತು ಹಿಡಿಯಿತು. ನಲವತ್ತನಾಲ್ಕು ಚಕ್ರಗಳಲ್ಲಿ ಒಂದರಲ್ಲೂ ತಪ್ಪಿರಲಿಲ್ಲ. ಅವೂ ಹತ್ತಿಯೊಳಗೆ ಹೋದವು. ಗಾಜಿನೊಳಗೆ ಉದ್ದನೆಯ ಖಾಲಿ ಹಳಿ, ಅದರ ತುದಿಯಲ್ಲಿ ಒಂದು ವ್ಯಾಗನ್. ನೋಡಿದರೆ ಉಳಿದ ಗಾಡಿ ಮುಂದೆ ಹೋಗಿಬಿಟ್ಟು, ಕೊಂಡಿ ಕಳಚಿ ಇದೊಂದು ಹಿಂದುಳಿದಂತೆ ಕಾಣುತ್ತಿತ್ತು. ಆದರೆ ಅದು ನೆಟ್ಟಗೆ ನಿಂತಿತ್ತು. ನಲವತ್ತು ವರ್ಷ ಹಿಂಬದಿಯ ಹಳಿಯ ಮೇಲೆ ಅದರ ನಿಜರೂಪ ಹೇಗೆ ನಿಲ್ಲುತ್ತಿತ್ತೋ ಹಾಗೆ. ಗೇಜಣ್ಣ ಒಂದು ಕ್ಷಣ ಅದನ್ನು ನೋಡಿದ. ಒಂದೇ ಆಗಿ ಕಾಣಲಿ ಎಂದು ಬಲಗಣ್ಣು ಮುಚ್ಚಿ ನೋಡಿದ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಭಾವನಿಗೆ ಸಿಕ್ಕಿತು. ಬಸ್ಸು ಎರಡು ತಿರುವು ದಾಟುವಷ್ಟರಲ್ಲಿ ಅವರ ತಲೆ ಗೇಜಣ್ಣನ ಹೆಗಲಿಗೆ ವಾಲಿತು.

“ನಿಮ್ಮವರಾ?” ಎಂದು ಕಂಡಕ್ಟರ್ ಕೇಳಿದ. “ಎಲ್ಲಿ ಇಳೀಬೇಕು? ನೀವೂ ತೂಕಡಿಸ್ತಿದೀರಿ. ಹೇಳಿ, ಕೂಗ್ತೀನಿ.”

ಗೇಜಣ್ಣ ನಿಲ್ದಾಣದ ಹೆಸರು ಹೇಳಿದ. ತೊಡೆಯ ಮೇಲಿದ್ದ ಪೆಟ್ಟಿಗೆ ಓರೆಯಾಗದಂತೆ ಎರಡೂ ಕೈಗಳಿಂದ ಹಿಡಿದುಕೊಂಡ. ಕಣ್ಣು ಎಳೆಯುತ್ತಿತ್ತು. ಹೆಗಲ ಮೇಲಿನ ಭಾರಕ್ಕೆ ತೋಳು ಜೋಮು ಹಿಡಿದಿತ್ತು, ಅವನು ಅಲುಗಾಡಲಿಲ್ಲ.